ಪ್ಲಾಸ್ಟಿಕ್ ಕೈಚೀಲದ ದಪ್ಪ ಮತ್ತು ನಿಷೇಧ: 1999–2022ರ ನಿಯಮಗಳನ್ನು ಕುರಿತು ಒಂದು ಟಿಪ್ಪಣಿ

1. ದಿನಾಂಕದ ತೊಡಕು

ಪ್ಲಾಸ್ಟಿಕ್ ಕೈಚೀಲ, ಅಂದರೆ ಅಂಗಡಿಗಳಲ್ಲಿ ‘ಕವರ್’ ಎನ್ನುವ ವಸ್ತು, ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಕ್ಕೆ ಒಳಗಾಯಿತು ಎಂಬ ಹೇಳಿಕೆ ಬಳಕೆಯಲ್ಲಿದೆ. ಇದಕ್ಕೆ ಆಧಾರವೆಂದು ಹೇಳಲಾಗುವ, 2021ರ ಆಗಸ್ಟ್ 12ರ ಕೇಂದ್ರ ತಿದ್ದುಪಡಿ ನಿಯಮಗಳಲ್ಲಿ ಅಂಥ ನಿರ್ದೇಶನವಿಲ್ಲ. ಜುಲೈ 1ರ ಗಡುವು ಅನ್ವಯಿಸುವುದು ತಟ್ಟೆ, ಲೋಟ, ಚಮಚ, ಸ್ಟ್ರಾ, ಕಿವಿಕಡ್ಡಿ, ಸಿಹಿತಿಂಡಿ ಪೊಟ್ಟಣದ ಮೇಲ್ಹೊದಿಕೆ, 100 ಮೈಕ್ರಾನ್‌ಗಿಂತ ತೆಳುವಾದ ಬ್ಯಾನರ್ ಮೊದಲಾದವುಗಳಿಗೆ. ಕೈಚೀಲ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಅದೇ ತಿದ್ದುಪಡಿ ಬೇರೆ ಕ್ರಮ ಅನುಸರಿಸಿ, ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೂ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೂ ಏರಿಸಿತು. ಆದ್ದರಿಂದ ಕೇಂದ್ರದ ನಿಯಮದಲ್ಲಿ ನಿಷಿದ್ಧವಾದದ್ದು ತೆಳು ಚೀಲ ಮಾತ್ರ ಎನ್ನುವುದು ಹೆಚ್ಚು ಸರಿ. ಗೊಬ್ಬರವಾಗಿಸಬಹುದಾದ ಪ್ಲಾಸ್ಟಿಕ್ಕಿನ ಚೀಲಕ್ಕೆ ಈ ದಪ್ಪದ ಮಿತಿಯೂ ಇಲ್ಲ.

2. ಕರ್ನಾಟಕದ ಅಧಿಸೂಚನೆ

ರಾಜ್ಯದ ಮಟ್ಟಿಗೆ ಗಮನಿಸಬೇಕಾದ ದಿನಾಂಕ 2016ರ ಮಾರ್ಚ್ 11. ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ 5ನೆಯ ಪ್ರಕರಣದ ಅಡಿ ಹೊರಟ ಈ ಅಧಿಸೂಚನೆ ಕೈಚೀಲದ ತಯಾರಿಕೆ, ಸಂಗ್ರಹ, ಸಾಗಣೆ, ಮಾರಾಟ, ಬಳಕೆಗಳನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಸಸಿ ಬೆಳೆಸುವ ಚೀಲ, ಸರಕು ತುಂಬಿ ಮೊದಲೇ ಮುಚ್ಚಿದ ಪೊಟ್ಟಣ, ರಫ್ತಿಗೆಂದೇ ತಯಾರಾಗುವ ಮಾಲು ಮುಂತಾದವುಗಳಿಗೆ ವಿನಾಯಿತಿ ಇತ್ತು.

ಸರಿಯಾಗಿ ಒಂದು ವಾರದ ನಂತರ, ಮಾರ್ಚ್ 18ರಂದು, ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರಕಟವಾದವು. ಅವುಗಳಲ್ಲಿ ಕನಿಷ್ಠ ದಪ್ಪ 50 ಮೈಕ್ರಾನ್. ಎರಡೂ ಒಂದೇ ಅಧಿನಿಯಮದಿಂದ ಹುಟ್ಟಿದವು. ಒಂದು ವಸ್ತುವನ್ನೇ ತಡೆಯುತ್ತದೆ, ಇನ್ನೊಂದು ವಸ್ತುವಿನ ಒಂದು ಗುಣವನ್ನು ಅಳೆಯುತ್ತದೆ. ‘ಈ ಕವರ್ 50 ಮೈಕ್ರಾನ್‌ಗಿಂತ ದಪ್ಪ, ಆದ್ದರಿಂದ ಕಾನೂನುಬದ್ಧ’ ಎಂಬ ವಾದ ಕರ್ನಾಟಕದಲ್ಲಿ 2016ರ ನಂತರ ನಿಲ್ಲುವಂತೆ ತೋರುವುದಿಲ್ಲ. ಆದರೂ ಅದು ಉಳಿದುಕೊಂಡಿರುವುದಕ್ಕೆ ಈ ಒಂದು ವಾರದ ಅಂತರದ ಎರಡು ದಾಖಲೆಗಳನ್ನು ಒಂದಾಗಿಸಿ ಓದುವ ರೂಢಿಯೂ ಭಾಗಶಃ ಕಾರಣವಿರಬಹುದು.

3. ದಪ್ಪ ಏರಿದಾಗ ತೂಕ

ಕೇಂದ್ರದ ಮಿತಿ ಏರುತ್ತ ಬಂದಿದೆ: 1999ರ ನಿಯಮಗಳಲ್ಲಿ, ಹೊಸ ಪ್ಲಾಸ್ಟಿಕ್ಕಿನ ಚೀಲಕ್ಕೆ, 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, ಆಮೇಲೆ ಮೇಲೆ ಹೇಳಿದ 75 ಮತ್ತು 120. ತೀರ ತೆಳು ಚೀಲ ಗಾಳಿಗೆ ಹಾರಿ ಚರಂಡಿ ಸೇರುತ್ತದೆ, ಚಿಂದಿ ಆಯುವವರಿಗೂ ಅದರಿಂದ ಗಿಟ್ಟುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕದಲ್ಲಿ ಹುರುಳಿದೆ. ಆದರೆ ಮಿತಿಯ ಇನ್ನೊಂದು ಪರಿಣಾಮವನ್ನು ಅಂಕಿಯಲ್ಲಿ ಇಡುವುದು ಅಗತ್ಯ.

20×30 ಸೆಂ.ಮೀ. ಅಳತೆಯ ಚೀಲದ ಎರಡೂ ಪದರ ಸೇರಿ 1,200 ಚದರ ಸೆಂ.ಮೀ. ಕಡಿಮೆ ಸಾಂದ್ರತೆಯ ಪಾಲಿಥೀನಿನ ಸಾಂದ್ರತೆಯನ್ನು ಘನ ಸೆಂ.ಮೀ.ಗೆ 0.92 ಗ್ರಾಂ ಎಂದು ಹಿಡಿದು, ಹಿಡಿಕೆ ಮತ್ತು ಮಡಿಕೆಗಳನ್ನು ಬಿಟ್ಟರೆ, 20 ಮೈಕ್ರಾನ್ ಚೀಲದ ತೂಕ ಸುಮಾರು 2.2 ಗ್ರಾಂ, 50 ಮೈಕ್ರಾನಿನದು 5.5, 120ರದು 13.2. ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಕ್ರಮವಾಗಿ ಸುಮಾರು 450, 180 ಮತ್ತು 75 ಚೀಲ. ಹೀಗಾಗಿ 50ರಿಂದ 120ಕ್ಕೆ ಹೋದಾಗ, ಮೊದಲು 12 ಚೀಲ ಒಯ್ಯುತ್ತಿದ್ದ ಗಿರಾಕಿ ಈಗ 5ಕ್ಕೆ ಇಳಿದರೆ ಬಳಕೆಯಾದ ಪ್ಲಾಸ್ಟಿಕ್ಕಿನ ತೂಕ ಇದ್ದಲ್ಲೇ ಇರುತ್ತದೆ. ಇಳಿಕೆ ಕಾಣುವುದು ಅದಕ್ಕಿಂತ ಕೆಳಗೆ ಬಂದಾಗ ಮಾತ್ರ.

ಹೊರಗಿನ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. 2016ರ ನವೆಂಬರಿನ ಜನಮತಗಣನೆಯಲ್ಲಿ ಊರ್ಜಿತಗೊಂಡ ಕ್ಯಾಲಿಫೋರ್ನಿಯಾದ ಕಾಯಿದೆ ಸುಮಾರು 57 ಮೈಕ್ರಾನ್ ದಪ್ಪದ ಚೀಲವನ್ನು ‘ಮರುಬಳಕೆಯದು’ ಎಂದು ಒಪ್ಪಿತ್ತು. 2024ರಲ್ಲಿ ಅಲ್ಲಿನ ಶಾಸನಸಭೆ ಆ ಅವಕಾಶವನ್ನು 2026ರಿಂದ ತೆಗೆದುಹಾಕುವ ಕಾಯಿದೆ ಮಾಡಿತು.

4. ಬೆಲೆಯ ನಿಯಮ

2011ರ ನಿಯಮಗಳು ಚೀಲವನ್ನು ಪುಕ್ಕಟೆ ಕೊಡಕೂಡದು ಎಂದವು. 2016ರ 15ನೆಯ ನಿಯಮ ಇನ್ನೂ ಮುಂದೆ ಹೋಗಿ, ಚೀಲ ಕೊಡಬಯಸುವ ಅಂಗಡಿಯವರೂ ಬೀದಿ ವ್ಯಾಪಾರಿಗಳೂ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ತಿಂಗಳಿಗೆ 4,000 ರೂ. ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 48,000 ರೂ. ಶುಲ್ಕ ತೆರಬೇಕೆಂದಿತು. ಸೊಪ್ಪು ಮಾರುವವರಿಗೂ ದೊಡ್ಡ ಮಳಿಗೆಗೂ ಒಂದೇ ಕನಿಷ್ಠ ಮೊತ್ತ. ಕಾರ್ಯಸಾಧ್ಯತೆಯ ಬಗೆಗೆ ಇಷ್ಟು ಹೇಳಿದರೆ ಸಾಕು. 2018ರ ಮಾರ್ಚ್ 27ರ ತಿದ್ದುಪಡಿ ಈ ನಿಯಮವನ್ನು ಕೈಬಿಟ್ಟಿತು. ಆ ನಂತರ ದಪ್ಪದ ಮಿತಿಯೇ ಪರೋಕ್ಷವಾಗಿ ಬೆಲೆಯ ಕೆಲಸವನ್ನೂ ಮಾಡುತ್ತಿದೆ ಎನ್ನಬಹುದು: ಚೀಲ ಭಾರವಾದಷ್ಟೂ ವ್ಯಾಪಾರಿಗೆ ದುಬಾರಿ.

5. ನೇಯದ ಚೀಲ

ಬಟ್ಟೆಯಂತೆ ಕಾಣುವ ನೇಯದ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಳೆಗಳದು. ಇದಕ್ಕೆ 2021ರ ತಿದ್ದುಪಡಿ ಮೈಕ್ರಾನ್ ಬದಲು ಚದರ ಮೀಟರಿಗೆ 60 ಗ್ರಾಂ ಎಂಬ ಮಾನ ಇಟ್ಟಿದೆ. ಎರಡು ಮಾನಗಳನ್ನು ನೇರ ಹೋಲಿಸಲಾಗದು. ಪಾಲಿಪ್ರೊಪಿಲೀನಿನ ಸಾಂದ್ರತೆಯನ್ನು 0.905 ಎಂದು ಹಿಡಿದರೆ 60 ಗ್ರಾಂ ಎಂದರೆ ಸುಮಾರು 66 ಮೈಕ್ರಾನ್ ಹಾಳೆಯಲ್ಲಿರುವಷ್ಟು ಪ್ಲಾಸ್ಟಿಕ್. ಮೇಲಿನ ಅಳತೆಯದೇ ಚೀಲಕ್ಕೆ 7.2 ಗ್ರಾಂ, ಅಂದರೆ 120 ಮೈಕ್ರಾನ್ ಕವರಿನ ಅರ್ಧಕ್ಕಿಂತ ತುಸು ಹೆಚ್ಚು. ತೂಕದಲ್ಲಿ ಇದು ನೇಯದ ಚೀಲಕ್ಕೆ ಅನುಕೂಲವಾದ ಅಂಕಿ. ಎಷ್ಟು ಸಲ ಬಳಸಿದ ಮೇಲೆ ಅದನ್ನು ಎಸೆಯುತ್ತಾರೆ ಎಂಬುದು ಈ ಲೆಕ್ಕದ ಹೊರಗಿನ ಸಂಗತಿ.