ಕಿಟಕಿಯೊಳಗೆ ಆಟ: ಪರದೆಯ ಮೇಲಿನ ಚುಕ್ಕಿ ಯಾರದ್ದು?

ಲ್ಯಾಪ್‌ಟಾಪ್‌ನಲ್ಲಿ ಒಂದು ಕಿಟಕಿಯಲ್ಲಿ ತ್ರೀಡಿ ಆಟ, ಪಕ್ಕದ ಕಿಟಕಿಯಲ್ಲಿ ಇಮೇಲ್. ಎರಡೂ ಜಗಳ ಇಲ್ಲದೆ ಒಂದೇ ಪರದೆ ಹಂಚಿಕೊಂಡಿರ್ತವೆ. ನಿಮಗೆ ಇದು ಮಾಮೂಲಿ ಅನ್ಸುತ್ತೆ ಅಲ್ವಾ? ಆದರೆ ಈ ರಾಜಿ ಆಗೋಕೆ ಸುಮಾರು 15 ವರ್ಷ ಹಿಡಿಯಿತು. ನಡುವೆ ಒಂದು ಕ್ರಿಸ್‌ಮಸ್ ಹಬ್ಬವೂ ಕೆಟ್ಟಿತು. ಆ ಕಥೆ ಇವತ್ತು. ಸ್ವಲ್ಪ ಉದ್ದ ಇದೆ, ಕೂತು ಓದಿ.

1. ಒಂಟಿ ಮನೆ

ಡಾಸ್ ಕಾಲದಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ. ಇಡೀ ಕಂಪ್ಯೂಟರ್ ಅದರದ್ದೇ. ವಿಜಿಎ ಕಾರ್ಡಿನ ಒಂದು ಜನಪ್ರಿಯ ಮೋಡ್‌ನಲ್ಲಿ ಅಡ್ಡಕ್ಕೆ 320 ಚುಕ್ಕಿ, ಉದ್ದಕ್ಕೆ 200 ಚುಕ್ಕಿ, 256 ಬಣ್ಣ. ಚುಕ್ಕಿಗೊಂದು ಬೈಟ್‌ನಂತೆ ಒಟ್ಟು 64,000 ಬೈಟ್. ಆಟ ಆ ಮೆಮೊರಿಗೆ ನೇರವಾಗಿ ಬರೆದರೆ ಪರದೆ ಮೇಲೆ ಚಿತ್ರ ರೆಡಿ. ಯಾರನ್ನೂ ಕೇಳೋ ಹಾಗಿಲ್ಲ. 1993ರ ಡಿಸೆಂಬರ್‌ನಲ್ಲಿ ಬಂದ ‘ಡೂಮ್’ ಅಷ್ಟು ವೇಗವಾಗಿ ಓಡಿದ್ದರ ಹಿಂದೆ ಈ ಸ್ವಾತಂತ್ರ್ಯವೂ ಇತ್ತು.

2. ವಠಾರ

ವಿಂಡೋಸ್ ಹಾಗಲ್ಲ. ಅದು ವಠಾರ ಇದ್ದ ಹಾಗೆ. ಹತ್ತು ಬಾಡಿಗೆದಾರರು, ಒಂದೇ ನಲ್ಲಿ. ಒಬ್ಬರ ಕಿಟಕಿ ಇನ್ನೊಬ್ಬರದ್ದನ್ನ ಮುಚ್ಚಬಹುದು, ಸರಿಸಬಹುದು. ಹಾಗಾಗಿ ಯಾರೂ ಪರದೆಗೆ ನೇರವಾಗಿ ಕೈ ಹಾಕೋ ಹಾಗಿರಲಿಲ್ಲ. ಗೆರೆ ಎಳೀಬೇಕಾ, ಅಕ್ಷರ ಬರೀಬೇಕಾ, ಜಿಡಿಐ ಅನ್ನೋ ಮಧ್ಯವರ್ತಿಯನ್ನ ಕೇಳ್ಬೇಕು.

ಪತ್ರ ಟೈಪ್ ಮಾಡೋಕೆ, ಲೆಕ್ಕ ಬರೆಯೋಕೆ ಇದು ಬೇಕಾದಷ್ಟಾಯ್ತು. ಆದರೆ ಸೆಕೆಂಡಿಗೆ ಮೂವತ್ತು ಸಲ ಇಡೀ ಚಿತ್ರ ಬದಲಿಸೋ ಆಟಕ್ಕೆ ಪ್ರತಿ ಸಲ ಅಪ್ಪಣೆ ಕೇಳ್ತಾ ಕೂತರೆ ಆಗುತ್ತಾ?

ಇನ್ನೊಂದು ಭೇದ ಗಮನಿಸಿ. ಕಿಟಕಿಯ ಪ್ರೋಗ್ರಾಂ ಕರೆ ಬಂದಾಗ ಮಾತ್ರ ಏಳುತ್ತೆ: ನೀವು ಬಟನ್ ಒತ್ತಿದ್ರಿ, ಅದು ಬಣ್ಣ ಬದಲಿಸ್ತು, ಮತ್ತೆ ಸುಮ್ಮನೆ ಕೂತಿತು. ಆಟ ಮಾತ್ರ ನೀವು ಏನೂ ಮಾಡದಿದ್ದರೂ ಒಂದೇ ಸಮ ಚಿತ್ರ ಬರೀತಿರುತ್ತೆ. ಮುಂದಿನ ಎಲ್ಲ ತಲೆನೋವಿಗೂ ಈ ಎರಡು ಸ್ವಭಾವಗಳೇ ಮೂಲ.

3. ಸಿಂಹ ಬಿದ್ದ ಹಬ್ಬ

1994ರಲ್ಲಿ ಮೈಕ್ರೋಸಾಫ್ಟ್‌ನ ಕ್ರಿಸ್ ಹೆಕರ್ ‘ವಿನ್‌ಜಿ’ ಅನ್ನೋ ಲೈಬ್ರರಿ ತಂದರು. ಉಪಾಯ ಸರಳ: ಆಟ ತನ್ನದೇ ಮೆಮೊರಿಯಲ್ಲಿ ಇಷ್ಟ ಬಂದ ಹಾಗೆ ಚಿತ್ರ ಬರೆದುಕೊಳ್ಳಲಿ, ಪೂರ್ತಿಯಾದ ಮೇಲೆ ಅದನ್ನ ಒಂದೇ ಏಟಿಗೆ ಕಿಟಕಿಗೆ ನಕಲು ಮಾಡೋಣ.

ಅದೇ ವರ್ಷದ ಕ್ರಿಸ್‌ಮಸ್‌ಗೆ ಡಿಸ್ನಿಯ ‘ಲಯನ್ ಕಿಂಗ್’ ಆಟ ವಿನ್‌ಜಿ ನಂಬಿಕೊಂಡು ಮಾರುಕಟ್ಟೆಗೆ ಬಂತು. ಕಾಂಪ್ಯಾಕ್‌ನ ಹೊಸ ಪ್ರೆಸಾರಿಯೋ ಕಂಪ್ಯೂಟರ್‌ಗಳೂ ಮನೆಮನೆ ಸೇರಿದವು. ಅವುಗಳಲ್ಲಿದ್ದ ವಿಡಿಯೋ ಡ್ರೈವರ್ ಜೊತೆ ವಿನ್‌ಜಿಯನ್ನ ಯಾರೂ ಪರೀಕ್ಷೆ ಮಾಡಿರಲಿಲ್ಲ. ಹಬ್ಬದ ಬೆಳಗ್ಗೆ ಮಕ್ಕಳು ಉಡುಗೊರೆ ಬಿಚ್ಚಿ ಸಿಡಿ ಹಾಕಿದ್ರೆ ಕಂಪ್ಯೂಟರ್ ಕುಸಿದು ಬೀಳ್ತಿತ್ತು. ಡಿಸ್ನಿಯ ಸಹಾಯವಾಣಿಗೆ ಸಿಟ್ಟಾದ ಅಪ್ಪ ಅಮ್ಮಂದಿರ ಕರೆಗಳ ಸುರಿಮಳೆ. ಆಟ ಮಾಡೋರಿಗೆ ವಿಂಡೋಸ್ ಮೇಲೆ ಮೊದಲೇ ಇದ್ದ ಅಪನಂಬಿಕೆ ಇನ್ನಷ್ಟು ಗಟ್ಟಿಯಾಯ್ತು.

4. ಹಿಂಬಾಗಿಲು

ಆಟಗಳೆಲ್ಲ ಡಾಸ್‌ನಲ್ಲೇ ಉಳಿದುಬಿಟ್ಟರೆ ಮನೆ ಬಳಕೆದಾರರು ವಿಂಡೋಸ್ 95ಕ್ಕೆ ಯಾಕೆ ಬರಬೇಕು? ಮೈಕ್ರೋಸಾಫ್ಟ್‌ನ ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್, ಎರಿಕ್ ಎಂಗ್‌ಸ್ಟ್ರಾಮ್ ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಡೈರೆಕ್ಟ್‌ಎಕ್ಸ್. ಮೊದಲ ಆವೃತ್ತಿ ಬಂದದ್ದು 1995ರ ಸೆಪ್ಟೆಂಬರ್‌ನಲ್ಲಿ. ಅದರ ‘ಡೈರೆಕ್ಟ್‌ಡ್ರಾ’ ಭಾಗ ಆಟಕ್ಕೆ ವಿಡಿಯೋ ಮೆಮೊರಿಯ ಬೀಗದ ಕೈ ಕೊಟ್ಟಿತು. ಮುಂದಿನ ವರ್ಷ ಮೂರು ಆಯಾಮಕ್ಕೆ ‘ಡೈರೆಕ್ಟ್‌ತ್ರೀಡಿ’ ಸೇರಿತು.

ಆದರೆ ಇದು ರಾಜಿ ಅಲ್ಲ, ವಠಾರ ಖಾಲಿ ಮಾಡಿಸೋ ವ್ಯವಸ್ಥೆ. ಆಟ ಶುರುವಾದರೆ ಪರದೆಯೆಲ್ಲ ಅದಕ್ಕೇ ಮೀಸಲು, ಉಳಿದವರು ಹೊರಗೆ. ನಡುವೆ ಆಲ್ಟ್-ಟ್ಯಾಬ್ ಒತ್ತಿ ಆಚೆ ಬಂದ್ರೆ, ವಿಡಿಯೋ ಮೆಮೊರಿಯಲ್ಲಿದ್ದ ಆಟದ ಚಿತ್ರಗಳು ಕಳೆದುಹೋಗಬಹುದಿತ್ತು. ವಾಪಸ್ ಬಂದಾಗ ಆಟವೇ ಅವನ್ನ ಮತ್ತೆ ತುಂಬಿಸಿಕೊಳ್ಳಬೇಕು. ಆ ಕಾಲದ ಆಟಗಳಲ್ಲಿ ಆಲ್ಟ್-ಟ್ಯಾಬ್ ಒತ್ತೋಕೆ ಜನ ಹೆದರ್ತಿದ್ದದ್ದು ಸುಮ್ಮನೆ ಅಲ್ಲ.

5. ಬಾಡಿಗೆದಾರ ಯಜಮಾನನಾದ

ಇಲ್ಲಿಂದ ಕಥೆ ತಿರುಗುತ್ತೆ. ಆಟಗಳಿಗಾಗಿ ಬೆಳೆದ ಗ್ರಾಫಿಕ್ಸ್ ಕಾರ್ಡ್ ಆಟ ಇಲ್ಲದಾಗ ಸುಮ್ಮನೆ ಕೂತಿರುತ್ತಲ್ಲ, ಅದರ ಕೈಯಲ್ಲೇ ಡೆಸ್ಕ್‌ಟಾಪ್ ಬರೆಸಿದ್ರೆ? 2002ರಲ್ಲಿ ಆಪಲ್, ಮ್ಯಾಕ್ ಓಎಸ್ 10.2ರ ‘ಕ್ವಾರ್ಟ್ಜ್ ಎಕ್ಸ್‌ಟ್ರೀಮ್’ ಮೂಲಕ ಇದನ್ನೇ ಮಾಡಿತು. ಪ್ರತಿ ಕಿಟಕಿಯೂ ಒಂದು ಟೆಕ್ಸ್ಚರ್. ಆಟದಲ್ಲಿ ಗೋಡೆಗೆ ಚಿತ್ರ ಅಂಟಿಸೋ ಅದೇ ವಿದ್ಯೆಯಿಂದ, ಓಪನ್‌ಜಿಎಲ್ ಬಳಸಿ ಕಿಟಕಿಗಳನ್ನ ಪರದೆಯಲ್ಲಿ ಜೋಡಿಸೋದು. 2007ರ ಆರಂಭದಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾ ಕೂಡ ಕಿಟಕಿ ಜೋಡಿಸೋ ಕೆಲಸವನ್ನ ಡೈರೆಕ್ಟ್‌ತ್ರೀಡಿಗೆ ವಹಿಸಿತು.

ಬಟನ್, ಪಟ್ಟಿ, ಮೆನು ಕಟ್ಟೋ ಟೂಲ್‌ಕಿಟ್‌ಗೂ ಇದೇ ಗಾಳಿ ಬೀಸಿತು. 2006ರ ನವೆಂಬರ್‌ನಲ್ಲಿ ಬಂದ ಡಬ್ಲ್ಯೂಪಿಎಫ್ ತನ್ನ ಪ್ರತಿ ಬಟನ್ ಅನ್ನೂ ಡೈರೆಕ್ಟ್‌ತ್ರೀಡಿಯಿಂದಲೇ ಬರೀತಿತ್ತು.

6. ಗಡಿ ಜಗಳ

ಹಾಗಾದ್ರೆ ಎಲ್ಲ ಸುಖಾಂತ್ಯವಾ? ಇಲ್ಲ. ಡಬ್ಲ್ಯೂಪಿಎಫ್ ಕಿಟಕಿಯೊಳಗೆ ನಿಮ್ಮ ಸ್ವಂತ ತ್ರೀಡಿ ದೃಶ್ಯ ಕೂರಿಸಬೇಕು ಅಂದ್ಕೊಳ್ಳಿ. ಅದಕ್ಕೆ ಒಳಗೊಂದು ಬೇರೆ ಕಿಟಕಿ ಕೊಡಬೇಕಿತ್ತು. ಪ್ರೋಗ್ರಾಮರ್‌ಗಳು ‘ಏರ್‌ಸ್ಪೇಸ್’ ಅಂತ ಕರೆದ ನಿಯಮ ಇದು: ಒಂದು ಚುಕ್ಕಿಗೆ ಒಬ್ಬರೇ ಯಜಮಾನರು. ತ್ರೀಡಿ ದೃಶ್ಯದ ಮೇಲೆ ಅರೆಪಾರದರ್ಶಕ ಬಟನ್ ಇಟ್ಟರೆ ಅದು ಕಾಣ್ತಿರಲಿಲ್ಲ, ದೃಶ್ಯದ ಹಿಂದೆ ಹೂತುಹೋಗ್ತಿತ್ತು.

2008ರಲ್ಲಿ ಡಾಟ್‌ನೆಟ್ 3.5ರ ಮೊದಲ ಸರ್ವೀಸ್ ಪ್ಯಾಕ್ ಜೊತೆ ‘ಡಿತ್ರೀಡಿಇಮೇಜ್’ ಬಂತು. ನೀವು ಪರದೆಗೆ ಬರೀಬೇಡಿ, ಪಕ್ಕದಲ್ಲೊಂದು ಹಾಳೆಯಲ್ಲಿ ಬರೀರಿ. ಬರೆಯೋವಾಗ ಬೀಗ ಹಾಕಿ, ಮುಗಿದ ಮೇಲೆ ಯಾವ ಭಾಗ ಬದಲಾಯ್ತು ಅಂತ ತಿಳಿಸಿ, ಬೀಗ ತೆಗೀರಿ. ಟೂಲ್‌ಕಿಟ್ ತನ್ನ ಸರದಿ ಬಂದಾಗ ಅದನ್ನ ಮಾಮೂಲಿ ಚಿತ್ರದ ಹಾಗೆ ಎತ್ಕೊಳ್ಳುತ್ತೆ. ಮೇಲೆ ಬಟನ್ ಇಡಿ, ಓರೆ ಮಾಡಿ, ಮಸುಕು ಮಾಡಿ, ಎಲ್ಲ ನಡೆಯುತ್ತೆ.

ಗಮನಿಸಿದ್ರಾ? ಇದು ವಿನ್‌ಜಿಯ ಉಪಾಯವೇ. ಪಕ್ಕದಲ್ಲಿ ಬರೆದು, ಮುಗಿದ ಮೇಲೆ ಒಪ್ಪಿಸೋದು. ಈ ಸಲ ಹಾಳೆ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನೊಳಗೆ, ಅಷ್ಟೇ.

7. ಬೆಲೆ

ರಾಜಿ ಪುಕ್ಕಟೆ ಅಲ್ಲ. ನಡುವೆ ಒಬ್ಬ ಜೋಡಿಸುವವನು ಬಂದರೆ ಚಿತ್ರ ಕಣ್ಣಿಗೆ ಬೀಳೋದು ತುಸು ತಡ ಆಗಬಹುದು. ಕ್ಷಣಾರ್ಧದಲ್ಲಿ ಗುರಿ ಇಡಬೇಕಾದ ಆಟಗಾರರು ಇವತ್ತಿಗೂ ಪೂರ್ಣ ಪರದೆಯ ಮೋಡ್ ಹುಡುಕೋದು ಇದಕ್ಕೇ. ಆದರೆ ಕಟ್ಟಡದ ನಕ್ಷೆಯನ್ನ ತ್ರೀಡಿಯಲ್ಲಿ ತಿರುಗಿಸ್ತಾ ಪಕ್ಕದಲ್ಲೇ ಅಳತೆ ತುಂಬೋ ಎಂಜಿನಿಯರ್‌ಗೆ, ಸ್ಕ್ಯಾನ್ ಮೇಲೆ ಗುರುತು ಹಾಕೋ ವೈದ್ಯರಿಗೆ ಆ ತುಸು ತಡಕ್ಕಿಂತ ಎರಡೂ ಒಟ್ಟಿಗೆ ಸಿಗೋದು ಮುಖ್ಯ.

ಸಂಪೂರ್ಣ ಸ್ವಾತಂತ್ರ್ಯ ಒಂಟಿ ಮನೆಯಲ್ಲಿ ಮಾತ್ರ ಸಾಧ್ಯ. ವಠಾರದಲ್ಲಿ ಬಾಳಬೇಕಾದ್ರೆ ನಲ್ಲಿಗೆ ಸರದಿ ಇರಲೇಬೇಕು.

ನೀವು ಆಲ್ಟ್-ಟ್ಯಾಬ್ ಒತ್ತಿ ಕೈ ಸುಟ್ಟುಕೊಂಡ ಹಳೇ ಆಟ ಯಾವುದು? ಕಾಮೆಂಟ್‌ನಲ್ಲಿ ಹೇಳಿ. ಕಂಪ್ಯೂಟರ್ ಓದ್ತಿರೋ ಗೆಳೆಯರಿಗೆ ಕಳಿಸಿ, ನಿಮಗೆ ಬೇಕಾದ್ರೆ ಸೇವ್ ಮಾಡ್ಕೊಳ್ಳಿ.

#ಕನ್ನಡದಲ್ಲಿತಂತ್ರಜ್ಞಾನ #ಕಂಪ್ಯೂಟರ್‌ಇತಿಹಾಸ