ಪ್ರಯಾಣ ಕಾಲದಲ್ಲಿ ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್: ಆಯ್ಕೆ ಮತ್ತು ಬಳಕೆಯ ಬಗ್ಗೆ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಶಿರಾಡಿ, ಚಾರ್ಮಾಡಿ, ಆಗುಂಬೆ ಮುಂತಾದ ಘಟ್ಟದ ರಸ್ತೆಗಳಲ್ಲಿ ರಾತ್ರಿ ವೇಳೆ ಟೈರಿನ ಗಾಳಿ ಇಳಿದಲ್ಲಿ, ಪಂಕ್ಚರ್ ಅಂಗಡಿಯಾಗಲಿ ಪೆಟ್ರೋಲ್ ಬಂಕ್ ಆಗಲಿ ಸಮೀಪದಲ್ಲಿ ದೊರೆಯದಿರಬಹುದು. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆಯು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ಬಿಸಿಯಾಗುತ್ತದೆ. ಅದೇ ಸ್ಥಿತಿಯಲ್ಲಿ ವಾಹನವನ್ನು ವೇಗವಾಗಿ ಚಲಾಯಿಸಿದಲ್ಲಿ ಟೈರು ಸಿಡಿದು ಅಪಘಾತ ಸಂಭವಿಸಬಹುದು.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ 2020ರಲ್ಲಿ ತರಲಾದ ತಿದ್ದುಪಡಿಯಂತೆ, ಟ್ಯೂಬ್‌ರಹಿತ ಟೈರು, ಟೈರಿನ ಒತ್ತಡವನ್ನು ಸೂಚಿಸುವ ವ್ಯವಸ್ಥೆ ಹಾಗೂ ಟೈರು ದುರಸ್ತಿ ಕಿಟ್ ಹೊಂದಿರುವ, 3.5 ಟನ್ ಮೀರದ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಚಕ್ರ ಕಡ್ಡಾಯವಲ್ಲ. ಇಂತಹ ವಾಹನಗಳಲ್ಲಿ ಗಾಳಿ ತುಂಬುವ ಸಾಧನವೇ ಆಪತ್ಕಾಲದ ಆಸರೆಯಾಗಿರುತ್ತದೆ. ಇತರ ವಾಹನಗಳಿಗೆ ಕಂಪ್ರೆಸರ್ ಕಡ್ಡಾಯವಲ್ಲದಿದ್ದರೂ ಜೊತೆಯಲ್ಲಿರುವುದು ಉಪಯುಕ್ತ. ಯೋಗ್ಯವಾದುದನ್ನು ಆರಿಸಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಮೊದಲು ತಿಳಿಯಬೇಕಾದುದು: ನಿಮ್ಮ ವಾಹನಕ್ಕೆ ಬೇಕಾದ ಒತ್ತಡ

ವಾಹನ ತಯಾರಕರು ಸೂಚಿಸಿರುವ ಒತ್ತಡವನ್ನು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಕಂಬದ ಮೇಲಿನ ಪಟ್ಟಿಯಲ್ಲಿ ಹಾಗೂ ವಾಹನದ ಕೈಪಿಡಿಯಲ್ಲಿ ನಮೂದಿಸಲಾಗಿರುತ್ತದೆ. ಬಹುತೇಕ ಕಾರುಗಳಿಗೆ ಇದು 30ರಿಂದ 36 ಪಿ.ಎಸ್.ಐ. ಒಳಗೆ ಇರುತ್ತದೆ. ಟೈರಿನ ಪಕ್ಕದಲ್ಲಿ ಮುದ್ರಿತವಾಗಿರುವ ಸಂಖ್ಯೆಯು ಆ ಟೈರಿನ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. 1 ಬಾರ್ ಎಂದರೆ ಸುಮಾರು 14.5 ಪಿ.ಎಸ್.ಐ.; 100 ಕಿಲೋಪಾಸ್ಕಲ್ ಸಹ ಅಷ್ಟೇ.

3. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ನೋಡಿ ಕೊಳ್ಳಬಾರದು

ಅನೇಕ ಕಂಪ್ರೆಸರ್‌ಗಳ ಪೆಟ್ಟಿಗೆಯ ಮೇಲೆ "150 ಪಿ.ಎಸ್.ಐ." ಎಂದು ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಕಾರಿಗೆ ಬೇಕಾಗುವುದು ಅದರ ಕಾಲು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಗಮನಿಸಬೇಕಾದುದು ಈ ಎರಡು ಅಂಶಗಳನ್ನು:

(ಅ) ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ನೀಡುತ್ತದೆ?
(ಆ) ಬಿಸಿಯಾಗದೆ ಸತತವಾಗಿ ಎಷ್ಟು ನಿಮಿಷ ಓಡುತ್ತದೆ?

ಉದಾಹರಣೆ: ಟೈರಿನ ಒಳ ಅವಕಾಶ 25 ಲೀಟರ್ ಎಂದು ಇಟ್ಟುಕೊಳ್ಳೋಣ. ಪೂರ್ಣ ಗಾಳಿ ಹೋದ ಈ ಟೈರನ್ನು 32 ಪಿ.ಎಸ್.ಐ.ಗೆ, ಅಂದರೆ ಸುಮಾರು 2.2 ಬಾರ್‌ಗೆ ತರಲು 25ನ್ನು 2.2ರಿಂದ ಗುಣಿಸಿದಾಗ ಬರುವ 55 ಲೀಟರ್ ಹೊರಗಿನ ಗಾಳಿ ಬೇಕಾಗುತ್ತದೆ. ನಿಮಿಷಕ್ಕೆ 15 ಲೀಟರ್ ನೀಡುವ ಸಾಧನಕ್ಕೆ ಇದು ನಾಲ್ಕು ನಿಮಿಷದೊಳಗಿನ ಕೆಲಸ. ನಿಮಿಷಕ್ಕೆ 5 ಲೀಟರ್ ನೀಡುವ ಸಾಧನಕ್ಕೆ 11 ನಿಮಿಷ ಬೇಕು. ಅದರ ಸತತ ಓಟದ ಮಿತಿ 10 ನಿಮಿಷವಾಗಿದ್ದಲ್ಲಿ, ಕೆಲಸ ಮುಗಿಯುವ ಮೊದಲೇ ನಿಲ್ಲಿಸಿ ತಣಿಸಬೇಕಾಗುತ್ತದೆ. ಟೈರಿನೊಳಗೆ ಒತ್ತಡ ಏರಿದಂತೆ ಗಾಳಿಯ ಹರಿವು ಇಳಿಯುವುದರಿಂದ, ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ಈ ಎರಡೂ ವಿವರಗಳಿಲ್ಲದ ಸಾಧನವನ್ನು ಕೊಳ್ಳದಿರುವುದು ಲೇಸು.

4. ವಿದ್ಯುತ್ತಿನ ಮೂಲದ ಆಧಾರದ ಮೇಲೆ ಬಗೆಗಳು

(ಅ) 12 ವೋಲ್ಟ್ ಸಾಕೆಟ್‌ಗೆ ಜೋಡಿಸುವಂತಹವು: ಸಾಮಾನ್ಯ ಕಾರುಗಳಿಗೆ ಸೂಕ್ತ. ಸಾಕೆಟ್‌ನ ಫ್ಯೂಸ್ 10 ಆಂಪಿಯರ್ ಆಗಿದ್ದಲ್ಲಿ 120 ವ್ಯಾಟ್, 15 ಆಂಪಿಯರ್ ಆಗಿದ್ದಲ್ಲಿ 180 ವ್ಯಾಟ್ ಮೀರಿದ ಸಾಧನವನ್ನು ಜೋಡಿಸಬಾರದು, ಫ್ಯೂಸ್ ಸುಟ್ಟುಹೋಗುತ್ತದೆ. ಕೊಳ್ಳುವ ಮೊದಲು ಕೈಪಿಡಿಯಲ್ಲಿ ಫ್ಯೂಸ್‌ನ ಪ್ರಮಾಣವನ್ನು ನೋಡಿಕೊಳ್ಳಿ.

(ಆ) ಬ್ಯಾಟರಿಯ ತುದಿಗಳಿಗೆ ಕ್ಲಿಪ್ ಹಾಕುವಂತಹವು: ಹೆಚ್ಚು ಗಾಳಿ ನೀಡುತ್ತವೆ. ದೊಡ್ಡ ಟೈರಿನ ಜೀಪು ಮಾದರಿಯ ವಾಹನಗಳಿಗೆ ಸೂಕ್ತ. ಧನ ಮತ್ತು ಋಣ ತುದಿಗಳನ್ನು ಅದಲುಬದಲು ಮಾಡದಂತೆ ಎಚ್ಚರ ವಹಿಸಬೇಕು.

(ಇ) ಸ್ವಂತ ಲಿಥಿಯಂ ಬ್ಯಾಟರಿ ಉಳ್ಳವು: ಸಾಕೆಟ್ ಇಲ್ಲದ ದ್ವಿಚಕ್ರ ವಾಹನಗಳಿಗೆ ಅನುಕೂಲ. ಆದರೆ ಬಳಸದೆ ಇಟ್ಟರೂ ಚಾರ್ಜ್ ನಿಧಾನವಾಗಿ ಇಳಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದಲ್ಲಿ ಅಗತ್ಯದ ದಿನ ಕೆಲಸಕ್ಕೆ ಬಾರದು. ಬಿಸಿಲಿನಲ್ಲಿ ನಿಲ್ಲಿಸಿದ, ಗಾಜು ಮುಚ್ಚಿದ ಕಾರಿನೊಳಗೆ ಇಡಬಾರದು.

(ಈ) ಕಾಲಿನಿಂದ ಒತ್ತುವ ಪಂಪು: ವಿದ್ಯುತ್ತಿನ ಹಂಗಿಲ್ಲ. ಶ್ರಮ ಹೆಚ್ಚಾದರೂ ದ್ವಿಚಕ್ರ ವಾಹನಗಳಿಗೆ ಸಾಕಾಗುತ್ತದೆ.

ಲಾರಿ, ಬಸ್ಸುಗಳ ಟೈರುಗಳಿಗೆ 100 ಪಿ.ಎಸ್.ಐ. ಆಸುಪಾಸಿನ ಒತ್ತಡ ಹಾಗೂ ಬಹಳ ಹೆಚ್ಚಿನ ಪ್ರಮಾಣದ ಗಾಳಿ ಬೇಕಾಗುವುದರಿಂದ, ಮೇಲ್ಕಂಡ ಯಾವ ಬಗೆಯೂ ಅವುಗಳಿಗೆ ಸೂಕ್ತವಲ್ಲ.

5. ಕೊಳ್ಳುವಾಗ ಪರಿಶೀಲಿಸಬೇಕಾದ ಇತರ ಅಂಶಗಳು

• ವಿದ್ಯುತ್ ತಂತಿ ಮತ್ತು ಗಾಳಿ ಕೊಳವೆ ಎರಡೂ ಸೇರಿ ಹಿಂದಿನ ಚಕ್ರವನ್ನು ಸುಲಭವಾಗಿ ತಲುಪಬೇಕು.
• ನಿಗದಿತ ಒತ್ತಡ ತಲುಪಿದೊಡನೆ ತಾನೇ ನಿಲ್ಲುವ ವ್ಯವಸ್ಥೆ ಇದ್ದರೆ ಉತ್ತಮ.
• ಸಾಧನದ ಮಾಪಕವು 2–3 ಪಿ.ಎಸ್.ಐ. ವ್ಯತ್ಯಾಸ ತೋರಿಸುವುದುಂಟು. ಪ್ರತ್ಯೇಕವಾದ ಕೈಮಾಪಕವೊಂದನ್ನು ಇಟ್ಟುಕೊಂಡು ಹೋಲಿಸಿ ನೋಡಬೇಕು.
• ಕಾರು, ಬೈಕುಗಳ ವಾಲ್ವ್‌ಗೂ ಸಾಮಾನ್ಯ ಬೈಸಿಕಲ್ಲಿನ ವಾಲ್ವ್‌ಗೂ ವ್ಯತ್ಯಾಸವಿದೆ. ಸೈಕಲ್ಲಿಗೂ ಬಳಸುವುದಾದಲ್ಲಿ ತಕ್ಕ ಜೋಡಣೆಯ ತುಂಡು ಇದೆಯೇ ಎಂದು ನೋಡಬೇಕು.
• ರಾತ್ರಿ ಬಳಕೆಗೆ ದೀಪವಿರುವುದು ಉಪಯುಕ್ತ.

6. ಬಳಸುವ ಕ್ರಮ

(1) ವಾಹನವನ್ನು ರಸ್ತೆಯ ಅಂಚಿನಿಂದ ಆಚೆಗೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಎಚ್ಚರಿಕೆಯ ದೀಪಗಳನ್ನು ಬೆಳಗಿಸಿ, ಪ್ರತಿಫಲಕ ತ್ರಿಕೋನವನ್ನು ಹಿಂಭಾಗದಲ್ಲಿ ಸಾಕಷ್ಟು ದೂರದಲ್ಲಿ ಇಡಿ. ತಿರುವಿನಲ್ಲಿ ನಿಲ್ಲಿಸಬೇಡಿ.
(2) ಸಾಕೆಟ್ ಅಥವಾ ವಾಹನದ ಬ್ಯಾಟರಿಯಿಂದ ನಡೆಯುವ ಸಾಧನವಾದಲ್ಲಿ ಎಂಜಿನ್ ಚಾಲೂ ಇರಲಿ. ಮುಚ್ಚಿದ ಗ್ಯಾರೇಜಿನೊಳಗೆ ಹೀಗೆ ಮಾಡುವುದು ಪ್ರಾಣಾಪಾಯಕರ, ಹೊಗೆಯಲ್ಲಿ ವಿಷಾನಿಲವಿರುತ್ತದೆ.
(3) ಟೈರಿಗೆ ಮೊಳೆ ಚುಚ್ಚಿದ್ದಲ್ಲಿ ಅದನ್ನು ಕೀಳಬೇಡಿ. ಟ್ಯೂಬ್‌ರಹಿತ ಟೈರಿನಲ್ಲಿ ಆ ಮೊಳೆಯೇ ತೂತನ್ನು ಬಹುಮಟ್ಟಿಗೆ ಮುಚ್ಚಿರುತ್ತದೆ.
(4) ಗಾಳಿ ತುಂಬುವಾಗ ಟೈರಿನ ಎದುರಿಗೆ ಕೂರದೆ ಒಂದು ಪಕ್ಕಕ್ಕೆ ನಿಲ್ಲಿ.
(5) ತುಂಬಿದ ನಂತರ ಕೊಳವೆಯ ತುದಿ ಬಿಸಿಯಾಗಿರುತ್ತದೆ. ಬರಿಗೈಯಿಂದ ಮುಟ್ಟುವಾಗ ಜಾಗ್ರತೆ ವಹಿಸಿ.

ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರಿನ ಟೈರಿನ ಒತ್ತಡ ಸುಮಾರು 1.5 ಪಿ.ಎಸ್.ಐ. ಏರುತ್ತದೆ. ಆದುದರಿಂದ ದೀರ್ಘ ಓಟದ ನಂತರ ಮಾಪಕವು ಹೆಚ್ಚು ತೋರಿಸಿದರೆ ಗಾಳಿಯನ್ನು ಹೊರಬಿಡಬಾರದು. ತಣಿದ ಮೇಲೆ ಅದು ಕೊರತೆಯಾಗುತ್ತದೆ.

7. ಕಂಪ್ರೆಸರ್‌ನಿಂದ ಆಗದ ಕೆಲಸಗಳು

ಈ ಸಾಧನವು ಪಂಕ್ಚರ್ ಅಂಗಡಿಯವರೆಗೆ ತಲುಪಿಸುತ್ತದೆಯೇ ವಿನಾ ಟೈರನ್ನು ಸರಿಪಡಿಸುವುದಿಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಗಾಳಿ ತುಂಬಿ ಮುಂದುವರಿಯಬಾರದು:

• ಪಕ್ಕದ ಗೋಡೆ ಹರಿದಿದ್ದರೆ, ಉಬ್ಬಿದ್ದರೆ ಅಥವಾ ಒಳಗಿನ ದಾರ ಕಾಣುತ್ತಿದ್ದರೆ.
• ಗಾಳಿಯಿಲ್ಲದೆ ಸ್ವಲ್ಪ ದೂರವಾದರೂ ಓಡಿಸಿದ್ದರೆ. ಹೊರಗೆ ಸರಿಯಾಗಿ ಕಂಡರೂ ಒಳಭಾಗ ಅರೆದು ಹೋಗಿರಬಹುದು; ಟೈರನ್ನು ಕಳಚಿ ನೋಡದೆ ತುಂಬಬಾರದು.
• ಟೈರಿನ ಅಂಚು ರಿಮ್ಮಿನಿಂದ ಬಿಟ್ಟುಕೊಂಡಿದ್ದರೆ. ಸಣ್ಣ ಕಂಪ್ರೆಸರ್ ಅದನ್ನು ಮತ್ತೆ ಕೂರಿಸಲಾರದು.
• ತುಂಬಿದ ಕೆಲವೇ ನಿಮಿಷಗಳಲ್ಲಿ ಒತ್ತಡ ಇಳಿಯುತ್ತಿದ್ದರೆ.

ಇಂತಹ ಸಂದರ್ಭಗಳಲ್ಲಿ ಸ್ಟೆಪ್ನಿ ಹಾಕಬೇಕು, ಇಲ್ಲವೇ ನೆರವು ಕೋರಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ತುರ್ತು ಸೇವೆಗೆ 112.

ಸವೆದ ಟೈರಿಗೆ ಗಾಳಿ ಪರಿಹಾರವಲ್ಲ. ಕಾರಿನ ಟೈರಿನ ಗಾಡಿಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ನೋಂದಣಿ ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನ ಅರ್ಜಿದಾರರು ಇದನ್ನು ಸ್ವತಃ ನೋಡಿಕೊಂಡಲ್ಲಿ ಎರಡನೆಯ ಬಾರಿ ಬರುವ ತೊಂದರೆ ತಪ್ಪುತ್ತದೆ.

8. ಖರೀದಿ ಮತ್ತು ದೂರು

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರು ಸಂಪರ್ಕದ ವಿವರಗಳು ಇರಬೇಕು. ರಸೀದಿಯನ್ನು ತಪ್ಪದೆ ಪಡೆದು ಜೋಪಾನ ಮಾಡಿ. ಸಾಧನ ದೋಷಪೂರಿತವಾಗಿದ್ದು ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

9. ವಿಶೇಷ ಸೂಚನೆ

ಕೊಂಡ ದಿನವೇ ಮನೆಯ ಮುಂದೆ, ಹಗಲಿನಲ್ಲಿ, ನಾಲ್ಕೂ ಚಕ್ರಗಳಿಗೆ ಒಮ್ಮೆ ಬಳಸಿ ನೋಡುವುದು. ಫ್ಯೂಸ್ ತಡೆಯುವುದೇ, ಕೊಳವೆ ತಲುಪುವುದೇ, ಮಾಪಕ ಸರಿಯಿದೆಯೇ ಎಂಬುದು ಆಗಲೇ ತಿಳಿಯುತ್ತದೆ. ಘಟ್ಟದ ಕತ್ತಲಲ್ಲಿ ಮೊದಲ ಬಾರಿಗೆ ಪೆಟ್ಟಿಗೆ ಬಿಚ್ಚುವಂತಾಗಬಾರದು. ತಿಂಗಳಿಗೊಮ್ಮೆ ಹಾಗೂ ದೂರ ಪ್ರಯಾಣದ ಮುನ್ನ ಸ್ಟೆಪ್ನಿಯೂ ಸೇರಿದಂತೆ ಎಲ್ಲ ಟೈರುಗಳ ಒತ್ತಡವನ್ನು ಪರೀಕ್ಷಿಸಿಕೊಳ್ಳಲು ವಾಹನ ಮಾಲೀಕರನ್ನು ಕೋರಲಾಗಿದೆ.