ಮಹಾದೇವಿಯಕ್ಕನ ನಿಬಂಧನೆಗಳು

ರಾಜಾಜ್ಞೆಗೆ ತಲೆಬಾಗದ ಶರಣರ ಚರಿತ್ರೆಗಳು ವೀರಶೈವ ವಾಙ್ಮಯದಲ್ಲಿ ಹಲವುಂಟು. ಅವುಗಳಲ್ಲಿ ಹನ್ನೆರಡನೆಯ ಶತಮಾನದ ಉಡುತಡಿಯ ಮಹಾದೇವಿಯಕ್ಕನ ಚರಿತ್ರೆಯು ಪರಮ ಸಾಹಸದ್ದು. ಅದನ್ನು ಹೇಳುವ ಕಾವ್ಯಗಳಲ್ಲಿ ಹಂಪೆಯ ಹರಿಹರನ ರಗಳೆಯು ಪ್ರಾಚೀನವಾದುದು. ಈ ಕವಿಯೂ ದೋರಸಮುದ್ರದ ಹೊಯ್ಸಳ ಅರಸನ ಕರಣಿಕವೃತ್ತಿಯನ್ನು ತೊರೆದು ವಿರೂಪಾಕ್ಷನ ಸನ್ನಿಧಿಯನ್ನು ಸೇರಿದನೆಂಬ ಐತಿಹ್ಯವುಂಟಷ್ಟೆ.

ಹರಿಹರನು ಹೇಳುವಂತೆ, ಕೌಶಿಕ ಭೂಪಾಲನು ಅಕ್ಕನನ್ನು ಬಯಸಿ, ಒಪ್ಪದಿದ್ದರೆ ತಾಯಿತಂದೆಗಳಿಗೆ ಕೇಡು ತಪ್ಪದೆಂದು ಬೆದರಿಸಿದನು. ಅವರನ್ನುಳಿಸುವುದಕ್ಕಾಗಿ ಆಕೆಯು ವಿವಾಹಕ್ಕೆ ಸಮ್ಮತಿಸಿದಳು. ಆದರೆ ನಿಬಂಧನೆಯಿಲ್ಲದೆ ಸಮ್ಮತಿಸಲಿಲ್ಲ. ಲಿಂಗಪೂಜೆಯಲ್ಲಿಯೂ ಮಾಹೇಶ್ವರರ ಗೋಷ್ಠಿಯಲ್ಲಿಯೂ ಗುರುಸೇವೆಯಲ್ಲಿಯೂ ತನ್ನಿಚ್ಛೆಯಂತೆ ಇರತಕ್ಕವಳೆಂದೂ, ಅರಸನು ಇದನ್ನು ಮೀರಿದರೆ ಮೂರು ತಪ್ಪುಗಳವರೆಗೆ ಮಾತ್ರವೇ ಸೈರಿಸತಕ್ಕವಳೆಂದೂ ಮೊದಲೇ ಕಟ್ಟುಮಾಡಿದಳು. ಮೂರು ತಪ್ಪುಗಳೂ ತುಂಬಿದುವು. ಅಕ್ಕನು ಅರಮನೆಯನ್ನು ತ್ಯಜಿಸಿ ಹೊರಟಳು.

ಕೂಲಿಗೆ ಒಪ್ಪಿದವನು ಮಾನವನ್ನೂ ಒಪ್ಪಿಸಿದಂತಲ್ಲವೆಂಬುದು ಉರಿಗಾಮಿನ ಭಕ್ತರಿಗೆ ಹೊಸತಲ್ಲ. 1930ರಲ್ಲಿ ಇಲ್ಲಿಯ ಚಿನ್ನದ ಗಣಿಗಳ ಕೆಲಸಗಾರರು ಬೆರಳಚ್ಚು ಕೊಡಬೇಕೆಂಬ ಕಟ್ಟಳೆಗೆ ಒಪ್ಪದೆ ಕೆಲಸವನ್ನೇ ನಿಲ್ಲಿಸಿದರು. ಅಕ್ಕನ ವೈರಾಗ್ಯವು ಬೇರೆ, ಕೆಲಸಗಾರರ ಹೋರಾಟವು ಬೇರೆ. ಆದರೂ ಒಪ್ಪಿಗೆಗೆ ಒಂದು ಎಲ್ಲೆಯುಂಟೆಂಬ ಅರಿವು ಎರಡೆಡೆಯಲ್ಲಿಯೂ ಕಾಣುತ್ತದೆ.

ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಈ ವಿವಾಹವನ್ನು ಅಂಗೀಕರಿಸಲಿಲ್ಲ, ಆತನ ಮಹಾದೇವಿಯು ಕೌಶಿಕನ ಸತಿಯಾಗದೆಯೇ ಹೊರಡುತ್ತಾಳೆ. ಚೆನ್ನಮಲ್ಲಿಕಾರ್ಜುನನೊಬ್ಬನನ್ನೇ ಪತಿಯೆಂದು ಬಗೆದವಳಿಗೆ ಬೇರೊಬ್ಬ ಗಂಡನನ್ನು ಹೇಳಲು ಭಕ್ತಕವಿಯ ಮನಸ್ಸು ಹಿಂಜರಿದುದು ಸಹಜವೇ. ಆದರೆ ಕಥೆಯ ಬಲವನ್ನು ನೋಡಿದರೆ ಹರಿಹರನ ದಾರಿಯೇ ಮೇಲು. ಬಂಧನದ ಹೊರಗೆ ನಿಂತವಳ ಬಿಡುಗಡೆಗಿಂತ, ಪಟ್ಟದರಸಿಯ ಭೋಗಭಾಗ್ಯಗಳ ನಡುವೆಯಿದ್ದು ಎಣಿಕೆ ತಪ್ಪದೆ ಎದ್ದು ಬಂದವಳ ಬಿಡುಗಡೆಯು ಹೆಚ್ಚು ಕಷ್ಟದ್ದು.

‘ಶೂನ್ಯಸಂಪಾದನೆ’ಯು ಆಕೆಯನ್ನು ಕಲ್ಯಾಣಕ್ಕೆ ಕರೆತರುತ್ತದೆ. ಅಲ್ಲಿ ಶರಣರ ಸಭೆಯೂ ಆಕೆಯನ್ನು ಪರೀಕ್ಷಿಸದೆ ಬಿಡಲಿಲ್ಲ. ಪತಿಯಾರೆಂದು ಅಲ್ಲಮಪ್ರಭುವು ಕೇಳಿದನು. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡಿರುವಳೆಂದು ಕೆಣಕಿದನು. ಅರಸನ ಮುಂದೆ ಬೆದರದವಳು ಪ್ರಭುವಿನ ಮುಂದೆಯೂ ಅಳುಕದೆ ಒಂದೊಂದಕ್ಕೂ ಉತ್ತರವಿತ್ತಳು. ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಹಿರಿಯ ಶರಣರೂ ಅಕ್ಕನೆಂದು ಮನ್ನಿಸಿದರು. ಅಷ್ಟು ಗೌರವವು ದೊರೆತ ಆ ಕಲ್ಯಾಣದಲ್ಲಿಯೂ ಆಕೆಯು ನಿಲ್ಲಲಿಲ್ಲ. ಶರಣರಿಂದ ಬೀಳ್ಕೊಂಡು, ಶ್ರೀಶೈಲದ ಕದಳಿಯ ಕಡೆಗೆ ಒಬ್ಬಳೇ ನಡೆದಳು.